ನಿನ್ನ ಗಿಟಾರಿಗೊಂದು ಆಂಪ್ಲಿಫೈಯರ್

ಇವಳೇ,

ನೀನು ಹೋದ ಮೇಲೆ ಮೂಲೆ ಸೇರಿದ್ದ ನಿನ್ನ ಗಿಟಾರಿಗೆ ಹಳೇ ರೇಡಿಯೋ ವಾಲ್ವುಗಳಿಂದ ಆಂಪ್ಲಿಫೈಯರ್ ಕಟ್ಟಿದೆ. ವೋಲ್ಟೇಜ್ ಇಳಿಸಲು ಒಂದು ನಾಬ್ ಇದೆ; ಸದ್ದು ತಗ್ಗಿದರೂ ದನಿಯ ಕಸುವು ಕೆಡದು. ಶಾಲೆಯಲ್ಲಿ ಉರು ಹೊಡೆದಿದ್ದೆ, ಪೊಟೆನ್ಷಿಯಲ್ ಡಿಫರೆನ್ಸ್ ಈಸ್ ಡೈರೆಕ್ಟ್ಲಿ ಪ್ರೊಪೋರ್ಷನಲ್ ಟು... ಯಾವುದಕ್ಕೋ, ಮರೆತಿದ್ದೇನೆ. ಮೊದಲು ವಾಲ್ವು ಕಾಯಿಸುವ ತಂತಿಯನ್ನೂ ಅದೇ ನಾಬಿಗೆ ಸೇರಿಸಿದ್ದೆ. ಕಾದರೆ ಮಾತ್ರ ವಾಲ್ವು ಕೆಲಸ ಮಾಡುವುದು; ನಾಬ್ ಇಳಿಸಿದೊಡನೆ ಎಲ್ಲ ತಣ್ಣಗಾಗಿ ಸದ್ದೇ ನಿಂತಿತು.

"ಒಲೆ ಆರ್‍ಸಿ ಅಡುಗೆ ಮಾಡ್ತೀರಾ, ಭಾವ?" ಎಂದು ನಿನ್ನ ತಮ್ಮ ನಕ್ಕ.

ಆ ತಂತಿಯನ್ನು ಬಿಚ್ಚಿ ಬೇರೆ ಮಾಡಿದೆ. ಇವತ್ತು ಮಾತಾಡಿತು.

ನೀನು ಸಂಜೆ ನುಡಿಸುತ್ತಿದ್ದುದನ್ನು ಮತ್ತೊಮ್ಮೆ ಕೇಳಬೇಕೆಂದೇ ಇಷ್ಟೆಲ್ಲ. ಅವನು ಗಿಟಾರ್ ಎತ್ತಿಕೊಂಡು, "ಅಕ್ಕ ನುಡಿಸ್ತಿದ್ದದ್ದು ಯಾವುದು? ಸ್ವಲ್ಪ ಗುನುಗಿ" ಅಂದ.

ನಾಬಿನ ಮೇಲೆ ಕೈಯಿಟ್ಟು ಕುಳಿತೆ. ನಾನು ಓದಲು ಕೂತಾಗಲೆಲ್ಲ ನೀನು ಗಿಟಾರ್ ಹಿಡಿದು ಒಳಗೆ ಹೋಗಿ ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ ಸದ್ದೊಂದೇ ನೆನಪಿಗೆ ಬಂತು.