ಟೋಪಿ ಬೀಳದಂತೆ ಹೊಡೆಯುವುದು

ಕುಷ್ಟಗಿ,
೧೧ ಡಿಸೆಂಬರ್ ೧೯೩೮

ಚಿ. ಸೌ. ಪಂಪಾವತಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಿನ್ನ ಕೆಮ್ಮು ನಿಂತಿತೇ? ಕೂಸಿಗೆ ಹಲ್ಲು ಬಂದವೇ? ಅಳಿಯಂದಿರ ಪತ್ರ ಮೊನ್ನೆ ತಲುಪಿತು. ಅಕ್ಷರವೇನೋ ಮುತ್ತು ಪೋಣಿಸಿದಂತಿದೆ. ಆದರೆ ಮೂರು ವರ್ಷದಿಂದ ಪ್ರತಿ ಪತ್ರದ ಕೊನೆಗೆ ‘ಪಂಪಾವತಿ ಕ್ಷೇಮ’ ಎಂಬ ಎರಡೇ ಪದ, ಅವೂ ಅವರ ಕೈಯವೇ. ನಿನ್ನ ಕೈಯ ಒಂದು ಸಾಲಿಗಾಗಿ ಟಪಾಲಿನವನ ದಾರಿ ಕಾಯುವವಳು ನಿಮ್ಮವ್ವ ಒಬ್ಬಳೇ ಅಲ್ಲ. ಇರಲಿ, ಊರ ಸುದ್ದಿ ಹೇಳುತ್ತೇನೆ.

ಈ ವರ್ಷ ಶಾಲೆಯ ಹುಡುಗರಿಗೆ ಕ್ರಿಕೆಟ್ ಕಲಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ವ್ಯಾಕರಣದ ಮಾಸ್ತರನಿಗೆ ಬ್ಯಾಟಿನ ಗೊಡವೆ ಯಾಕೆಂದು ನಗಬೇಡ. ಹೊಡೆಯುವುದಕ್ಕೂ ಸೂತ್ರವಿದೆ, ಒಂದೇ ವಾರದಲ್ಲಿ ಅದನ್ನು ಕಂಡುಕೊಂಡೆ. ನಮ್ಮ ಹುಡುಗರೆಲ್ಲ ಚಿನ್ನಿದಾಂಡು ಆಡಿ ಬೆಳೆದವರು. ಚೆಂಡನ್ನೂ ಚಿನ್ನಿಯಂತೆ ಕೆಳಗಿನಿಂದ ಎತ್ತಿ ಆಕಾಶಕ್ಕೆ ಹಾರಿಸುತ್ತಾರೆ, ಯಾರಾದರೂ ಬೊಗಸೆ ಒಡ್ಡಿದರೆ ಆಟ ಮುಗಿಯಿತು. ಅದನ್ನು ಬಿಡಿಸಲು ಅರಿವೆಯ ಚೆಂಡೊಂದನ್ನು ಬೇವಿನ ಟೊಂಗೆಯಿಂದ ಮೊಣಕಾಲೆತ್ತರಕ್ಕೆ ಇಳಿಬಿಟ್ಟೆ. ಮುಂದಿನ ಕಾಲು ಚೆಂಡಿನ ಹತ್ತಿರ ಹೋಗಬೇಕು, ಮೊದಲು ಸೊಂಟ ತಿರುಗಬೇಕು, ಆಮೇಲೆ ತೋಳು, ಕಡೆಗೆ ಮಣಿಕಟ್ಟು. ತಲೆ ಮಾತ್ರ ಅಲುಗಬಾರದು. ಅದಕ್ಕಾಗಿ ಎಲ್ಲರ ತಲೆಯ ಮೇಲೂ ಅವರು ಶಾಲೆಗೆ ಹಾಕಿಕೊಂಡು ಬರುವ ಕುಚ್ಚಿನ ರೂಮಿ ಟೋಪಿಯನ್ನು ಸಡಿಲವಾಗಿ ಇಡಿಸಿದೆ. ಹೊಡೆದ ಮೇಲೂ ಟೋಪಿ ಇದ್ದಲ್ಲೇ ಇದ್ದರೆ ಹೊಡೆತ ಸರಿ, ಬಿದ್ದರೆ ಮೈದಾನ ಒಂದು ಸುತ್ತು ಓಡಬೇಕು. ಮೊದಲ ದಿನ ಎಲ್ಲರೂ ಓಡುತ್ತಲೇ ಇದ್ದರು. ಹದಿನೈದು ದಿನಕ್ಕೆ ಟೋಪಿಗಳು ನಿಂತವು. ನಾನು ಕಲಿಸಿದರೆ ಕತ್ತೆಗೂ ವಿದ್ಯೆ ಹತ್ತುತ್ತದೆ ಎಂದು ನಿಮ್ಮವ್ವನ ಮುಂದೆ ಕೊಚ್ಚಿಕೊಂಡೆ. “ಪಾಪ, ಅದಕ್ಕ ತಿರುಗಿ ಮಾತಾಡಾಕ ಬರೂದಿಲ್ಲಲ್ರಿ” ಎಂದಳು.

ಒಬ್ಬನ ಟೋಪಿ ಮಾತ್ರ ನಿಲ್ಲಲೇ ಇಲ್ಲ. ಅವನು ನಮ್ಮ ಓಣಿಯ ತಾಜಬೀಯ ಮಗ ಜಿಲಾನಿ. ಬ್ಯಾಟು ಬೀಸಿದಾಗಲೆಲ್ಲ ಕಾಲಿಗೆ ಕಾಲು ತೊಡರಿ ಮುಗ್ಗರಿಸುತ್ತಿದ್ದ. ಒಂದು ಸಂಜೆ ನಾನು ಬಾವಿಯ ಕಡೆ ಹೋಗಿ ಬರುವಷ್ಟರಲ್ಲಿ ಅವನು ಚೆಂಡಿನ ಆಚೆ ಬದಿಗೆ ನಿಂತು, ಎಡಗೈ ಕೆಳಗೆ ಮಾಡಿ ಬೀಸಿದ. ದಾರ ಹರಿದು ಚೆಂಡು ಗೋಡೆಯಾಚೆ ಬಿತ್ತು, ಟೋಪಿ ಕೂದಲೆಳೆಯಷ್ಟೂ ಸರಿಯಲಿಲ್ಲ. ಅಭ್ಯಾಸಬಲ, “ಎಡಗೈ ಬಿಡಲೇ” ಎಂದು ಗದರಿದೆ. ಅವನು ಹೆದರಲಿಲ್ಲ. “ಎರಡೂ ಕೈಲೆ ಹಿಡದೀನ್ರಿ ಮಾಸ್ತರ. ನಿಂತಿದ್ದಷ್ಟ ಈ ಕಡೆ” ಎಂದ. ನಾನು ಟೊಂಗೆಗೆ ಬೇರೆ ಚೆಂಡು ಕಟ್ಟಿಕೊಟ್ಟೆ.

ಮೊನ್ನೆ ಶುಕ್ರವಾರ ಯಲಬುರ್ಗಾದ ಹುಡುಗರೊಂದಿಗೆ ಪಂದ್ಯವಿತ್ತು. ಜಿಲಾನಿ ಆ ಕಡೆ ನಿಂತದ್ದೇ ತಡ, ಅವರ ಎಸೆತಗಾರನಿಗೆ ದಿಕ್ಕೇ ತಿಳಿಯಲಿಲ್ಲ. ನಾವೇ ಗೆದ್ದೆವು. ಅವರ ಮಾಸ್ತರ ಅಂದಪ್ಪನವರು ನನ್ನ ಕೈ ಹಿಡಿದು, “ಎಡಚ ಹುಡುಗನ್ನ ತಿದ್ದದ ಹಂಗ ಬಿಟ್ಟೀರಲ್ರಿ, ದೊಡ್ಡ ಮನಸ್ಸು ನಿಮ್ದು” ಎಂದರು. ಪಂಪಾ, ನನಗೆ ನಾಚಿಕೆಯಾಯಿತು. ನಿನ್ನ ಎಡಗೈ ಗೆಣ್ಣಿಗೆ ರೂಲಿನಿಂದ ಹೊಡೆದು ಬಲಗೈಗೆ ಬಳಪ ಕೊಟ್ಟವನು ನಾನು. ಆ ಬಲಗೈಯಿಂದ ನೀನು ಗಂಡನ ಮನೆಯಿಂದ ಬರೆದ ಮೊದಲ ಪತ್ರವನ್ನು ಕಾಗೆ ಕಾಲು ಗುಬ್ಬಿ ಕಾಲು ಎಂದು ಕೆಂಪು ಶಾಯಿಯಲ್ಲಿ ತಿದ್ದಿ ತಿರುಗಿ ಕಳಿಸಿದವನೂ ನಾನೇ. ಅದನ್ನು ನಿಮ್ಮ ಮನೆಯವರೆಲ್ಲ ನೋಡಿರಬೇಕು.

ಬೀಗರಿಗೂ ಅಳಿಯಂದಿರಿಗೂ ನಮಸ್ಕಾರ ತಿಳಿಸು. ಕೂಸಿಗೆ ಅಜ್ಜನ ಮುತ್ತು. ನೀವೆಲ್ಲ ಸುಖವಾಗಿರಿ.

ನಿನ್ನ ಅಪ್ಪ,
ಕಳಕಪ್ಪ

ತಾ. ಕ.: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಈ ಸಲದ ಉತ್ತರ ಅಳಿಯಂದಿರ ಕೈಯಲ್ಲಿ ಬೇಡ, ನೀನೇ ಬರೆ. ಎಡಗೈಯಲ್ಲಿ ಬರೆ. ಎರಡು ಸಾಲಾದರೂ ಸಾಕು. ಅಕ್ಷರ ನನಗೆ ತಿಳಿಯದಿದ್ದರೆ, ಓದುವುದನ್ನು ನಾನು ಹೊಸದಾಗಿ ಕಲಿಯುತ್ತೇನೆ.