ಮುಖ ಸವೆದ ಅಂತೋಣಿ

ಕಿನ್ಸುಕಾ ಹಳ್ಳಿ,
ನ್ಕೆಂಗೆ ಸಂತೆಯ ಮಾರನೆಯ ದಿನ, ೧೯೩೧

ನನ್ನ ಮುದ್ದು ಲುಜೋಲೊ,

ಹೇಗಿದ್ದೀಯವ್ವಾ? ಕಾಲು ಊದಿದೆಯೆಂದು ಬರೆದಿದ್ದೆ. ನೀರು ಹೊರಬೇಡ. ನಿಮ್ಮ ಪಟ್ಟಣದ ಬಂದರಿನ ಮೆಟ್ಟಿಲು ಹತ್ತಲೇಬೇಡ. ಎರಡು ಬಸಿರು ಕೈತಪ್ಪಿದ್ದು ಸಾಕು.

ಈ ಪತ್ರ ತರುವ ಮಬಾಂಜನ ಹೆಂಡತಿ ಎಲೆಯಲ್ಲಿ ಸುತ್ತಿದ ಒಂದು ಕ್ವಾಂಗ ಕೊಡುತ್ತಾಳೆ. ನೀನೇ ಮುರಿ, ಅಳಿಯನ ಕೈಗೆ ಕೊಡಬೇಡ. ಬೇಯಿಸಿದ ಮರಗೆಣಸಿನ ಹಿಟ್ಟಿನ ನಡುವೆ ನಮ್ಮ ತೋನಿ ಮಲಾವು ಇದ್ದಾನೆ. ಹೌದು, ಅಜ್ಜಿಯ ಹಿತ್ತಾಳೆಯ ಸಂತ ಅಂತೋಣಿಯೇ. ತೊಳೆದು ಸೊಂಟದ ಬಟ್ಟೆಯೊಳಗೆ ಕಟ್ಟಿಕೋ, ಆಸ್ಪತ್ರೆಯ ಸಿಸ್ಟರುಗಳ ಕಣ್ಣಿಗೆ ಬೀಳದಿರಲಿ. ನೋವು ಬಂದಾಗ ಹೊಕ್ಕುಳಿಂದ ಕೆಳಕ್ಕೆ ಉಜ್ಜಿಕೋ. ಮೇಲಕ್ಕೆ ಬೇಡ, ಮಗು ಹಿಂದೆ ಸರಿಯುತ್ತದೆ.

ನಮ್ಮೂರಿನ ಹೊಸ ಫಾದರ್ ಇಂಥವೆಲ್ಲ ಮಾಟದ ವಸ್ತು, ತಂದೊಪ್ಪಿಸಿ ಎಂದಿದ್ದಾರೆ. ಬದಲಿಗೆ ಬಣ್ಣ ಬಳಿದ ಮಣ್ಣಿನ ಅಂತೋಣಿ ಕೊಡುತ್ತಾರೆ, ಕೆನ್ನೆಯೆಲ್ಲ ಗುಲಾಬಿ. ನನ್ನನ್ನೂ ಕರೆಸಿದರು. ನಮ್ಮದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, "ಇದಕ್ಕೆ ಮುಖಾನೂ ಇಲ್ಲ, ತೋಳಲ್ಲಿ ಬಾಲಯೇಸುನೂ ಇಲ್ಲ. ಇದ್ಯಾವ ಸಂತ?" ಅಂದರು.

"ಎರಡೂ ಇದ್ವು ಫಾದರ್. ನಮ್ಮಜ್ಜಿ, ನಮ್ಮವ್ವ, ನಾನು ಹೊಟ್ಟೆಗೆ ಉಜ್ಜೀ ಉಜ್ಜೀ ಸವೆದುಹೋದ್ವು" ಅಂದೆ.

ಹಿಂದೆ ಕೂತಿದ್ದ ಮುದುಕಿ ಕಿಬಂಗು, "ಈ ಊರಿನ ಹೆಂಗಸ್ರ ಹೊಟ್ಟೆ ಮೇಲಿದೆ ಆ ಮುಖ, ಬೇಕಾದ್ರೆ ಹುಡುಕ್ಕೊಳ್ಳಿ" ಅಂದುಬಿಟ್ಟಳು. ಎಲ್ಲರೂ ನಕ್ಕರು. ನಗಬಾರದಿತ್ತು. ಫಾದರ್ ಕಿವಿ ಕೆಂಪಾಯಿತು.

ಒಂದು ದಿನ ಬಿಡಿ, ಅವನನ್ನು ಬೀಳ್ಕೊಟ್ಟು ತಂದೊಪ್ಪಿಸುತ್ತೇನೆ ಎಂದು ಬೇಡಿ ಮನೆಗೆ ತಂದೆ. ನಿನ್ನ ಸೋದರಮಾವ ಮ್ಪಾಂಜು ಬಾಗಿಲಲ್ಲೇ ರೇಗಿದ. "ಕೊಟ್ಟು ಕೈ ತೊಳ್ಕೊಳೇ! ಈ ವಯಸ್ಸಲ್ಲಿ ನಿಂಗ್ಯಾವ ಬಸಿರು?"

"ನಂಗಿಲ್ಲ, ಅವಳಿಗಿದೆ" ಅಂದೆ. ಬಾಗಿಲು ಬಿಟ್ಟು ಸರಿದ.

ನೀನು ಚಿಂತೆ ಮಾಡಬೇಡ. ಫಾದರ್ ಒಳ್ಳೆಯವರು, ತಿರುಗಿ ಒಪ್ಪಿಸದಿದ್ದಕ್ಕೂ ಹೆಚ್ಚೇನೂ ಅನ್ನಲಿಲ್ಲ. ಭಾನುವಾರ ಪೂಜೆಗೂ ಹೋಗಿದ್ದೆ, ಒಳಗೆ ಸೆಖೆಯೆಂದು ಬಾಗಿಲಾಚೆಯೇ ನಿಂತೆ. ಪಾಪವೇ ಇದು? ಶಾಲೆ ಅರ್ಧಕ್ಕೆ ಬಿಟ್ಟವಳು, ನನಗೇನು ಗೊತ್ತು. ತೋನಿಯನ್ನು ಹಿಡಿದಾಗ ಯೇಸುವನ್ನೇ ಕರೆದಿದ್ದೇನೆ, ಬೇರೆ ಯಾರನ್ನೂ ಅಲ್ಲ. ಪಾಪವಾದರೆ ನನಗಿರಲಿ, ನಿನ್ನ ಹೊಟ್ಟೆಗೆ ತಟ್ಟದಿರಲಿ.

ನಿನ್ನ ಸುದ್ದಿಗೆ ಕಿವಿ ತೆರೆದು ಕೂತಿರುವ ಅವ್ವ,
ನ್ಲಂಡು

ಇನ್ನೊಂದು ಮಾತು. ಮಗುವಿನ ಜ್ಞಾನಸ್ನಾನ ಅಲ್ಲೇ ಮಾಡಿಸಿ, ಇಲ್ಲಿಗೆ ತರಬೇಡಿ. ನನ್ನ ಮೊಮ್ಮಗುವೆಂದರೆ ಇಲ್ಲಿ ಫಾದರ್ ತಲೆಗೆ ನೀರು ಹಾಕುವುದಿಲ್ಲ. ಅಲ್ಲಿಯೂ ಅಜ್ಜಿ ಯಾರೆಂದು ಕೇಳಿದರೆ ಅಳಿಯನ ತಾಯಿಯ ಹೆಸರನ್ನೇ ಹೇಳಿ.