ಸೂಲಗಿತ್ತಿ ಎದ್ದು ಹೋಗುವುದಿಲ್ಲ

ತಂಪುಕೇರಿ, ಬಾಗಲಕೋಟೆ
ಫೆಬ್ರವರಿ 30, 2231

ಸೂಲಗಿತ್ತಿಯ ವಿದ್ಯೆ ಕಲಿಯಲು ಈಗಷ್ಟೇ ಹೆಸರು ಹಚ್ಚಿದ ಹುಡುಗಿಯರೇ,

ನನಗಿಂತ ಇನ್ನೂರು ವರ್ಷ ಹಿಂದಿರುವ ನೀವು ಲೆಕ್ಕಕ್ಕೆ ನನ್ನ ಮುತ್ತಜ್ಜಿಯರಿಗೂ ಮುತ್ತಜ್ಜಿಯರು. ಆದರೆ ವಯಸ್ಸಿನಲ್ಲಿ ಚಿಕ್ಕವರು, ಹುಡುಗಿಯರೇ ಎಂದೇ ಕರೆಯುತ್ತೇನೆ. ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದಾರು ದಿನ ಬಿಸಿಲಿನ ರಜೆ. ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಮುರಿಗೆವ್ವ ಕಟಗೇರಿ, ಇಲ್ಲಿನ ಸೂಲಗಿತ್ತಿ ಶಾಲೆಯ ಮುಖ್ಯಸ್ಥೆ. ನಮ್ಮಲ್ಲಿ ಶಾಲೆ, ಹೆರಿಗೆಮನೆ ಎರಡೂ ಒಂದೇ. ಇವತ್ತು ಮಧ್ಯಾಹ್ನ ನನ್ನ ಶಾಲೆಗೆ ಬೀಗ ಹಾಕಲು ಬರುತ್ತಾರೆ.

ತಂಪುಕೇರಿ ಎಂದರೆ ನೆಲದಡಿ ಕೊರೆದ ಓಣಿ. ಮೇಲೆ ಬಿಸಿಲು ಕಾದಾಗ ಊರೆಲ್ಲ ಇಲ್ಲಿಳಿದು ರೊಟ್ಟಿ ಬಡಿಯುತ್ತದೆ, ಸೀರೆ ನೇಯುತ್ತದೆ, ಜಗಳಾಡುತ್ತದೆ, ಹೆರುತ್ತದೆ. ನಮ್ಮ ಶಾಲೆಯಲ್ಲಿ ನರ್ಸ್ ಆಗಿದ್ದವರಿದ್ದಾರೆ, ಮಗ್ಗ ಬಿಟ್ಟು ಬಂದವರಿದ್ದಾರೆ, ಲಾರಿ ಓಡಿಸುತ್ತಿದ್ದ ರುಕ್ಮಾ ಇದ್ದಾಳೆ. ಯಾರೇ ಬರಲಿ, ಮೊದಲ ವರ್ಷ ಬರಿಗೈ. ಅದಕ್ಕೆ ಕೂರುವ ವರ್ಷ ಎನ್ನುತ್ತೇವೆ. ಬೇನೆ ತಿನ್ನುವವಳ ಪಕ್ಕ ಕೂತಿರಬೇಕು, ಅಷ್ಟೆ. ಬೆನ್ನು ತಿಕ್ಕು ಎಂದರೆ ತಿಕ್ಕಬೇಕು, ಬಿಡು ಎಂದರೆ ಬಿಡಬೇಕು, ಬೈದರೆ ಬೈಸಿಕೊಳ್ಳಬೇಕು. ಕೇಳದೆ ಮೈ ಮುಟ್ಟುವಂತಿಲ್ಲ. ವರ್ಷದ ಕೊನೆಗೆ ಪರೀಕ್ಷೆ ಮಾಡುವವರು ನಾವಲ್ಲ, ಹೆತ್ತವರು. ಅವರಿಗೆ ಒಂದೇ ಪ್ರಶ್ನೆ: "ಮುಂದಿನ ಸಲ ಇಕೀನ್ನ ಕರೀತೀಯೇನವಾ?" ನನಗೆ ಕಲಿಸಿದ ಶೈನಾಜಕ್ಕನಂಥ ಶೈನಾಜಕ್ಕನೇ ಒಮ್ಮೆ ಫೇಲಾಗಿದ್ದಳು. "ಒಲ್ಲೆವಾ, ಆಕೀದು ಬಾಯಿ ಭಾಳ" ಎಂದಿದ್ದಳಂತೆ ಒಬ್ಬ ಬಾಣಂತಿ. ಶೈನಾಜಕ್ಕ ಬಾಯಿ ಮುಚ್ಚಿಕೊಂಡು ಇನ್ನೊಂದು ವರ್ಷ ಕೂತಳು.

ಆಮೇಲೆ ಎರಡು ವರ್ಷ ರಕ್ತ, ಹೊಲಿಗೆ, ಉಸಿರು ಹಿಡಿಯದ ಕೂಸು, ಎಲ್ಲ ಕಲಿಯುತ್ತಾರೆ. ಕೊನೆಯದು ಒಪ್ಪಿಸುವ ವರ್ಷ. ಹೆರಿಗೆ ನಮ್ಮ ಕೈ ಮೀರುತ್ತಿದೆ ಎಂದು ಗುರುತಿಸಿ, ಸಮಯವಿರುವಾಗಲೇ ಡಾಕ್ಟರಿಗೆ ಒಪ್ಪಿಸುವುದು. ಎಲ್ಲಕ್ಕಿಂತ ಕಷ್ಟ ಅದೇ, ಯಾಕೆಂದರೆ ಸೊಕ್ಕು ಅಡ್ಡ ಬರುತ್ತದೆ. ಒಪ್ಪಿಸಿದ ಮೇಲೂ ಸೂಲಗಿತ್ತಿ ತಾಯಿಯ ತಲೆಯ ಹತ್ತಿರವೇ ನಿಂತಿರುತ್ತಾಳೆ, ಆಪರೇಷನ್ ಕೋಣೆಯಲ್ಲೂ. ಹಾಗಾಗಿ ನನ್ನನ್ನು ಯಂತ್ರ ಕಂಡರೆ ಕಿಡಿಕಾರುವ ಮುದುಕಿ ಎಂದುಕೊಳ್ಳಬೇಡಿ. ಹೊಟ್ಟೆಗೆ ಸುತ್ತಿದರೆ ತಾಯಿ, ಕೂಸು ಇಬ್ಬರ ಎದೆಬಡಿತವನ್ನೂ ಹೇಳುವ ಮಿಡಿಪಟ್ಟಿಯನ್ನು ನಾನೂ ಕಟ್ಟುತ್ತೇನೆ. ಬಹಳ ಒಳ್ಳೆಯ ವಸ್ತು.

ತಂಟೆ ಶುರುವಾದದ್ದೂ ಅದರಿಂದಲೇ. ಹೆರಿಗೆಮನೆಗಳನ್ನೆಲ್ಲ ಆಳುವ ಆರೈಕೆ ಮಂಡಳಿಯವರು, ಪಟ್ಟಿ ಇರುವಾಗ ಪಕ್ಕದಲ್ಲಿ ಮನುಷ್ಯರು ಯಾಕೆ ಎಂದರು. ನಾಲ್ಕು ಹೆಂಗಸರಿಗೆ ಒಬ್ಬ ಸೂಲಗಿತ್ತಿ ಸಾಕು, ಕೂರುವ ವರ್ಷ ರದ್ದು ಎಂದರು. ಹೋದ ತಿಂಗಳು ಒಬ್ಬ ಚೊಚ್ಚಲ ಬಸುರಿ ನನ್ನ ಸೆರಗು ಹಿಡಿದು, "ಎದ್ದು ಹೋಗಬ್ಯಾಡ್ರಿ ಅಕ್ಕಾರ" ಎಂದಳು. ಉಳಿದ ಮೂರು ಕೋಣೆಗಳಲ್ಲಿ ಬೇನೆ ತಿನ್ನುವವರ ಪಕ್ಕ ನನ್ನ ಹುಡುಗಿಯರು ಕೂತಿದ್ದರು. ಅವರನ್ನು ಮನೆಗೆ ಕಳಿಸಿ ನಾಲ್ಕೂ ಕಡೆ ನೀನೊಬ್ಬಳೇ ಓಡಾಡು ಎಂದ ಮಂಡಳಿಯ ಮೇಲ್ವಿಚಾರಕ. ನಾನು ಏಳಲಿಲ್ಲ. ತಪ್ಪಾಯಿತೆಂದು ಬರೆದುಕೊಡು, ಇಲ್ಲದಿದ್ದರೆ ಶಾಲೆ ಮುಚ್ಚುತ್ತೇವೆ ಎಂದು ಆದೇಶ ಬಂತು. ಅಯ್ಯೋ, ಯಾವ ತಪ್ಪು? ಬೇನೆಯಲ್ಲಿದ್ದವಳ ಕೈಯಿಂದ ಸೆರಗು ಕಿತ್ತುಕೊಳ್ಳದೇ ಇದ್ದದ್ದೇ? ಪಟ್ಟಿ ಬಡಿತ ಎಣಿಸುತ್ತದೆ, ಎಣಿಸಲಿ. ಹೆದರಿದವಳಿಗೆ ಧೈರ್ಯ ಅದು ಹೇಳುವುದಿಲ್ಲ. ನಾನು ಬರೆದುಕೊಡಲಿಲ್ಲ, ಕೊಡುವುದೂ ಇಲ್ಲ.

ಬೆಳಿಗ್ಗೆ ಹುಡುಗಿಯರನ್ನು ಕರೆದು, ಮನೆಗೆ ಹೋಗಿ, ನನ್ನ ಜೊತೆ ನೀವೂ ಹಾಳಾಗಬೇಡಿ ಎಂದೆ. "ನಾವು ಕುಂದ್ರಾಕ ಬಂದೇವ್ರಿ. ಕುಂದರ್ತೇವಿ" ಎಂದಳು ರುಕ್ಮಾ. ಒಬ್ಬಳೂ ಕದಲಲಿಲ್ಲ. ನನಗೆ ಅಳುವೇ ಬಂತು, ತೋರಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ನೇಕಾರರ ಮನೆಯ ಸೊಸೆ ಬನಶ್ರೀ ಬೇನೆಯಲ್ಲಿ ಗೋಡೆ ಹಿಡಿದುಕೊಂಡು ಬಂದಳು. ಬೀಗದ ಸುದ್ದಿ ಗೊತ್ತಿದ್ದೇ ಬಂದಿದ್ದಾಳೆ. ಈಗ ನನ್ನೆದುರೇ ಅಡ್ಡಾಡುತ್ತಿದ್ದಾಳೆ. ಯಾರೂ ಮಾತಾಡಬೇಡಿ ಎಂದಿದ್ದಾಳೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನನ್ನದೊಂದೇ ಕೇಳಿಕೆ. ಸುಮ್ಮನೆ ಕೂರುವುದಕ್ಕೆ ಸಂಬಳ ಯಾಕೆ ಎಂದು ನಿಮ್ಮನ್ನೂ ಯಾರಾದರೂ ಕೇಳುತ್ತಾರೆ. ತಲೆ ತಗ್ಗಿಸಬೇಡಿ, ಏಳಬೇಡಿ. ಅಲ್ಲಿ ನೀವು ಎದ್ದುಬಿಟ್ಟರೆ ಇಲ್ಲಿ ನಮಗೆ ಜಾಗವೇ ಇರುವುದಿಲ್ಲ.

ಬಂದರು. ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಹೆರಿಗೆ ನಡೆಯುತ್ತಿರುವ ಮನೆಗೆ ಬೀಗ ಹಾಕುವಂತಿಲ್ಲ, ಅದು ಮಂಡಳಿಯದೇ ಕಾನೂನು. ಮೇಲ್ವಿಚಾರಕ ಇನ್ನೂ ಎಷ್ಟು ಹೊತ್ತು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಬನಶ್ರೀ, "ಅವಸರ ಇದ್ರ ನೀವಾ ಹಡೀರಿ ಬರ್ರಿ!" ಎಂದು ಕೂಗಿದಳು. ಹೊರಗೆ ನೋಡಿ ಬಂದ ರುಕ್ಮಾ ನಗುತ್ತಿದ್ದಾಳೆ: "ಅಕ್ಕಾರ, ದಿನ ತುಂಬಿದವರು ಇನ್ನೂ ಇಬ್ಬರು ಮೆಟ್ಟಲಾ ಇಳಿಯಾಕತ್ತಾರ್ರಿ. ಅವರ ಹಿಂದ ಮತ್ತೊಬ್ಬಾಕಿ."

ಬೀಗದವನಿಗೂ ಒಂದು ಚಾಪೆ ಹಾಸಿಕೊಡಲು ಹೇಳಿದ್ದೇನೆ. ಕೂರಲಿ.

ಮುರಿಗೆವ್ವ